ನಾನೂರ ಹನ್ನೆರಡನೆಯ ಪ್ರಬಂಧದ ಮಹಾಸಮರ

ಹೇ ವಾಗ್ದೇವಿ, ಧಾರವಾಡದ ವಿದ್ಯಾಪರಾಮರ್ಶ ಕೇಂದ್ರವು ಸಂಶೋಧನಾಪತ್ರಪ್ರಳಯದಲ್ಲಿ ಕುತ್ತಿಗೆಯವರೆಗೆ ಮುಳುಗಿದ್ದ ಆ ಘೋರಯುಗವನ್ನು ಹಾಡುವ ಬಲ ಕೊಡು! ಮಕ್ಕಳಿಗೆ ಓದು ಕಲಿಸುವ ಬಗೆಗಳ ಕುರಿತು ಜಗತ್ತಿನಲ್ಲಿ ನಡೆದ ಅಧ್ಯಯನಗಳನ್ನು ಜಾಲಾಡಿ, ನಂಬತಕ್ಕವನ್ನಷ್ಟೇ ಆರಿಸಿ, ಅವುಗಳ ಸಾರ ಬರೆಯುವ ಭಾರವು ಅಂದು ಇಬ್ಬರು ಮಹಾರಥಿಗಳ ಹೆಗಲೇರಿತ್ತು. ಒಬ್ಬಳು ಉಪನೇತ್ರಕವಚಧಾರಿಣಿ, ಶೀಘ್ರಪಠನಪ್ರವೀಣೆ ಗಂಗಾಂಬಿಕೆ ಹೂಲಿ. ಇನ್ನೊಬ್ಬ ನಿಯಮಪಾಲನಧುರಂಧರ, ತಿರಸ್ಕಾರಶರವರ್ಷಿ ಶಂಕ್ರಪ್ಪ ಮಡ್ಲಿ. ಪ್ರತಿಯೊಂದು ಪ್ರಬಂಧದ ಸಾರಾಂಶವನ್ನೂ ಇಬ್ಬರೂ ಬೇರೆಬೇರೆಯಾಗಿ ಓದಬೇಕು. ಇಬ್ಬರೂ ಒಪ್ಪಿದರೇ ಅದಕ್ಕೆ ಪ್ರವೇಶ.

ನಾನೂರ ಹನ್ನೊಂದರವರೆಗೆ ಸಾಮರಸ್ಯದಿಂದ ಸಾಗಿದ ಸೇನೆ ಮುಂದಿನದರ ಬಳಿ ಗಕ್ಕನೆ ನಿಂತಿತು. ಯಾದಗಿರಿ ಸೀಮೆಯ ಶಿಕ್ಷಕಿಯೊಬ್ಬಳು ಎರಡನೆಯ ತರಗತಿಯ ಮಕ್ಕಳಿಗೆ ಪಾಠಕ್ಕೆ ಮೊದಲು ಮನೆಮಾತಿನಲ್ಲಿ ಕಥೆ ಹೇಳಿದಳಂತೆ. ಅವರ ಓದು ಸುಧಾರಿಸಿತಂತೆ. ಗಂಗಾಂಬಿಕೆ ಗಣಕದಲ್ಲಿ 'ಬೇಕು' ಎಂದು ಒತ್ತಿದಳು. ಶಂಕ್ರಪ್ಪ 'ಬೇಡ' ಎಂದು ಒತ್ತಿದ. ಪರದೆಯ ಮೇಲೆ ಭಿನ್ನಮತದ ಕೆಂಪು ಗುರುತು ಯುದ್ಧಪತಾಕೆಯಂತೆ ಎದ್ದಿತು!

ಗಾಲಿಕುರ್ಚಿಯನ್ನು ರಥದಂತೆ ತಿರುಗಿಸಿ ಶಂಕ್ರಪ್ಪ ಗರ್ಜಿಸಿದ: "ಅಲ್ರೀ ಮೇಡಂ, ಕಥಿ ಕೇಳದ ಮಕ್ಕಳ ಗುಂಪು ಎಲ್ಲೈತ್ರಿ? ಹೋಲಿಸಾಕ ಯಾರೂ ಇಲ್ಲಂದ್ರ, ಓದು ಬಂದಿದ್ದು ಕಥಿಯಿಂದಾನೋ, ವರ್ಷ ತುಂಬಿದ್ದಕ್ಕೋ? ಮುನ್ನೂರು ಪ್ರಬಂಧ ಹೊರಗ ಹಾಕಿದ ಕೈ ಇದು, ನಡುಗೂದಿಲ್ಲ!"

ಗಂಗಾಂಬಿಕೆಯ ಎದೆ ಭುಗಿಲೆಂದಿತು. ಹನ್ನೆರಡು ದಿನಗಳಿಂದ ಎಲ್ಲೆಲ್ಲಿಯ ಮಕ್ಕಳ ಕುರಿತೋ ಓದಿ ದಣಿದ ಕಣ್ಣಿಗೆ ಇಂದು ತನ್ನ ನುಡಿಯ ಮಕ್ಕಳು ಕಂಡಿದ್ದರು.

"ಇಷ್ಟರಾಗ ನಮ್ಮ ಕನ್ನಡ ಸಾಲಿ ಹುಡುಗ್ರು ಒಬ್ರಾದ್ರೂ ಬಂದಾರೇನ್ರಿ? ಸಾರಾಂಶದಾಗ ಬರದಿಲ್ಲ ಅಂದ್ರ ಗುಂಪೇ ಇರಲಿಲ್ಲ ಅಂತೀರೇನು? ಪೂರ್ತಿ ಪ್ರಬಂಧ ಓದೂತನಕಾ ನಾ ಬಿಡೂದಿಲ್ಲ!"

ನಿಯಮಪುಸ್ತಕಗಳು ಗುರಾಣಿಗಳಾಗಿ ಎದ್ದವು. ಮೇಜು ಭೇರಿಯಂತೆ ಮೊಳಗಿತು. ಚಹಾ ಆರಿ ಕೆನೆಗಟ್ಟಿತು. ಎರಡೂಕಾಲು ತಾಸು ಕಳೆದರೂ ಯಾರೂ ಒಂದಂಗುಲ ಹಿಂದೆಗೆಯಲಿಲ್ಲ. ಪಕ್ಕದ ಕೋಣೆಯವರು ಬಾಗಿಲಲ್ಲಿ ನೆರೆದು ಪಕ್ಷ ಹಿಡಿಯತೊಡಗಿದರು.

ಆಗ ಬಂದಳು ಸಂದೇಹತಿಮಿರಭಾಸ್ಕರೆ, ನಿರ್ದೇಶಕಿ ವತ್ಸಲಾ ಇನಾಮದಾರ. ಇಬ್ಬರ ವಾದವನ್ನೂ ಆಲಿಸಿ, ಪರದೆಗೆ ಬಾಗಿ, ಶಾಂತವಾಗಿ ಕೇಳಿದಳು: "ಮುಂದಿನ ಸಾಲು ನೋಡೀರೇನ್ರಿ, ಇಬ್ರೂ?"

ನೋಡಿರಲಿಲ್ಲ. ನಾನೂರ ಹದಿಮೂರನೆಯದು ಅದೇ ಶಿಕ್ಷಕಿಯ ಅದೇ ಅಧ್ಯಯನ. ಮೊದಲಿನದು ಸಮ್ಮೇಳನಕ್ಕೆ ಕಳಿಸಿದ ತುಣುಕು, ಇದು ಪೂರ್ಣ ವರದಿ. ಅದರ ಸಾರಾಂಶದಲ್ಲೇ ಕೂತಿದ್ದರು, ಕಥೆ ಕೇಳದ ಪಕ್ಕದೂರಿನ ಮೂವತ್ತೆಂಟು ಮಕ್ಕಳು.

ಶಂಕ್ರಪ್ಪ ಕೆಮ್ಮಿ ಈ ಪೂರ್ಣ ವರದಿಗೆ 'ಬೇಕು' ಒತ್ತಿದ. ಗಂಗಾಂಬಿಕೆ ಅದಾಗಲೇ ಒತ್ತಿಯಾಗಿತ್ತು. ರಣರಂಗವಾಗಿದ್ದ ನಾನೂರ ಹನ್ನೆರಡನ್ನು ಇಬ್ಬರೂ ಸೇರಿ 'ಪುನರಾವರ್ತನೆ' ಎಂದು ಗುರುತಿಸಿ ಹೊರಹಾಕಿದರು.

"ಮುಂದಿಂದು ಏನೈತ್ರಿ?" ಎಂದಳು ಗಂಗಾಂಬಿಕೆ.

"ಗಿಳಿಗೆ ಮಾತು ಕಲಿಸೂದು ಹ್ಯಾಂಗ ಅಂತ ರೀ."

"ಬೇಡ," ಎಂದರು ಇಬ್ಬರೂ.