ಸ್ಟುಡಿಯೋಕ್ಕೆ ಬಂದ ಬೀಸುಕಲ್ಲು

ಸಿಂಧನೂರಿನಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ಇಟ್ಟವನಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ಬರ ಏನಿದ್ದರೂ ಗಿರಾಕಿಗಳಿಗೆ. ತಬಲಾ, ಹಾರ್ಮೋನಿಯಂ, ಎಕೋ ಎಲ್ಲ ಮೊಬೈಲ್ ಆ್ಯಪಿನಲ್ಲೇ ಸಿಗತೊಡಗಿದ ಮೇಲೆ ನನ್ನ ದೊಡ್ಡ ಮಿಕ್ಸರ್ ಬಟ್ಟೆ ಹೊದ್ದು ಕೂತಿದೆ. ಮನೆಯವಳು ಖಡಕ್ ರೊಟ್ಟಿ ಮಾಡಿ ಅಂಗಡಿಗಳಿಗೆ ಹಾಕುತ್ತಾಳೆ. ಅವಳ ಕಣ್ಣು ಸ್ಟುಡಿಯೋ ಕೋಣೆಯ ಮೇಲೆ.

"ಹಾಡು ಫೋನಿನ್ಯಾಗ ಆಗ್ತಾವ, ರೊಟ್ಟಿ ಫೋನಿನ್ಯಾಗ ಆಗಂಗಿಲ್ಲ. ಆ ರೂಮ್ ನನಗ ಬಿಡ್ರಿ" ಎಂದಳು.

ಯುಗಾದಿತನಕ ತಡಿ ಎಂದೆ. ಅಷ್ಟರೊಳಗೆ ಫೋನಿನಿಂದ ಆಗದ ಒಂದು ರೆಕಾರ್ಡಿಂಗನ್ನಾದರೂ ಮಾಡಿ ತೋರಿಸಬೇಕೆಂದು ನನ್ನ ಹಟ.

೧. ಹಾರ್ನ್ ಇಲ್ಲದ ಭಜನೆ

ಮಸ್ಕಿಯ ಭಜನಾ ಮೇಳದ ಹಿರಿಯರೊಬ್ಬರು ತಮ್ಮ ಮಂದಿಯನ್ನು ಕರೆತಂದರು. ನಾನು ತಾಳಕ್ಕೊಂದು, ಬಡಿಯುವ ದಮಡಿಗೊಂದು ಮೈಕ್ ಇಟ್ಟು, ಗದ್ದಲವನ್ನೆಲ್ಲ ತೆಗೆದು ಕೇಳಿಸಿದೆ. ಹಿರಿಯರ ಮುಖ ಸಣ್ಣದಾಯಿತು.

"ಇದು ಭಜನಿ ಅನಸವಲ್ದುರೀ. ಗುಡಿ ಮ್ಯಾಲಿನ ಮೈಕ್ ಹಾರ್ನಿನ್ಯಾಗ ಕೇಳಿದಂಗ ಆಗ್ಬೇಕು."

"ಅದು ಕಿರಚತೈತ್ರಿ ಅಜ್ಜಾರ."

"ಕಿರಚಿದ್ರ ಅಲ್ಲೇನ್ರಿ ಊರಿಗೆ ಗೊತ್ತಾಗೋದು?"

ಅವರ ಫೋನಿನ ಆ್ಯಪಿನಲ್ಲಿ ಹಾರ್ನಿನ ದನಿಗೆಂದೇ ಒಂದು ಗುಂಡಿಯಿತ್ತು. ಫೋನಿನಲ್ಲೇ ಒಂದು ನುಡಿ ಹಾಡಿ ಅದನ್ನು ಒತ್ತಿದರು, ಕಿರುಚಿತು. ಭಕ್ತಿಯಿಂದ ಕೈಮುಗಿದರು. ನನಗಲ್ಲ, ಫೋನಿಗೆ.

೨. ಗಾದಿ ಅಂಗಡಿ

ಲಿಂಗಸುಗೂರಿನಲ್ಲಿ ಹತ್ತಿ ತುಂಬಿದ ಹಾಸಿಗೆ, ಅಂದರೆ ಗಾದಿ, ಮಾರುವ ವ್ಯಾಪಾರಿಯೊಬ್ಬರು ತಾವು ಹಾಡಿದ ಮೊಹರಂ ಪದವನ್ನು ಹೇಗಿದೆ ನೋಡಿ ಎಂದು ಕಳಿಸಿದ್ದರು. ದನಿ ಎಷ್ಟು ಸ್ವಚ್ಛವಾಗಿತ್ತೆಂದರೆ ನನಗೆ ಹೊಟ್ಟೆಯುರಿಯಿತು. ಕೂಡಲೇ ಫೋನ್ ಮಾಡಿದೆ.

"ಭಾಯಿ, ಯಾವ ಸ್ಟುಡಿಯೋದಾಗ ಹಾಡಿದ್ರಿ? ಹೈದರಾಬಾದಿನ್ಯಾಗೇನು?"

"ಸ್ಟುಡಿಯೋ ಎಲ್ಲೀದ್ರಿ ಸಾಬ್? ಅಂಗಡ್ಯಾಗ ಗಾದಿ ನಡುವ ಕುಂತು ಫೋನಿನ್ಯಾಗ ಹಾಡೀನಿ."

ನಂಬಿಕೆಯಾಗದೆ ಬಸ್ ಹತ್ತಿ ಹೋಗಿ ನೋಡಿದೆ. ಸುತ್ತಲೂ ಹತ್ತಿಯ ಗೋಡೆ. ಹೊರಗಿನ ಲಾರಿ ಸದ್ದೂ ಒಳಗಿಲ್ಲ. ನನ್ನ ಗೋಡೆಯ ಸ್ಪಂಜು ಅದರ ಮುಂದೆ ಏನೂ ಅಲ್ಲ. ಗೋಡೆಗೆ ಆನಿಸಿ ಪರೀಕ್ಷೆ ಮಾಡೋಣವೆಂದು ಒಂದು ಗಾದಿ ಕೊಂಡು ತಂದೆ. ಮನೆಯವಳು ಬಾಗಿಲಲ್ಲೇ ನಿಂತು ನೋಡಿದಳು.

"ಚೊಲೊ ಆತು ಬಿಡ್ರಿ. ಸ್ಟುಡಿಯೋದಾಗ ನಿದ್ದಿ ಮಾಡಾಕ ಅದೊಂದು ಕಡಿಮಿ ಇತ್ತು."

೩. ಕೈ ತಿರುಗದೆ ಪದವಿಲ್ಲ

ಪಾಮನಕಲ್ಲೂರಿನ ಅಜ್ಜಿಯೊಬ್ಬರು ಬೀಸುವ ಪದಕ್ಕೆ ಹೆಸರಾದವರು. ಶಾಲೆಯಲ್ಲಿ ಟೀಚರಾಗಿರುವ ಮೊಮ್ಮಗಳು ಅವರನ್ನು ಕರೆತಂದಳು. ಮೈಕಿನ ಮುಂದೆ ಕೂತ ಅಜ್ಜಿಗೆ ಒಂದು ನುಡಿಯೂ ಬಾಯಿಗೆ ಬರಲಿಲ್ಲ.

"ಕೈ ತಿರುಗಿದ್ರ ಪದ ಬರ್ತಾವಪ್ಪ. ಸುಮ್ನ ಕುಂತ್ರ ಆಕಳಿಕಿ ಬರ್ತಾವ."

ಮೊಮ್ಮಗಳು ಫೋನಿನಲ್ಲಿ ಬೀಸುಕಲ್ಲಿನ ಸದ್ದು ಹಚ್ಚಿದಳು. ಅಜ್ಜಿ ಮತ್ತೊಮ್ಮೆ ಆಕಳಿಸಿದರು. ಫೋನಿನಿಂದ ಆಗದ ಕೆಲಸ ಅಂತೂ ಸಿಕ್ಕಿತೆಂದು ನನಗೆ ಹಬ್ಬವೋ ಹಬ್ಬ. ಮರುದಿನ ಅಜ್ಜಿಯ ಬೀಸುಕಲ್ಲನ್ನೇ ಟಂಟಂ ಗಾಡಿಯಲ್ಲಿ ತರಿಸಿ, ಸುತ್ತ ಮೈಕ್ ನಿಲ್ಲಿಸಿದೆ.

ಅಜ್ಜಿ ಜೋಳ ಹಾಕಿ, ಕಲ್ಲಿನ ಗೂಟ ಹಿಡಿದು ತಿರುಗಿಸುತ್ತ ಹಾಡತೊಡಗಿದರು. ಅಂಥ ದನಿಯನ್ನು ನನ್ನ ಕೋಣೆ ಕೇಳಿರಲೇ ಇಲ್ಲ. ನನ್ನ ಕಣ್ಣು ತುಂಬಿಬಂತು. ಅಷ್ಟರಲ್ಲಿ ಕರೆಂಟ್ ಹೋಯಿತು. ಇನ್ವರ್ಟರ್ ಕೂಡ ಕೈಕೊಟ್ಟಿತು. ಕಂಪ್ಯೂಟರ್, ಮಿಕ್ಸರ್ ಎಲ್ಲ ಬಂದ್. ಬೀಸುಕಲ್ಲಿಗೆ ಕರೆಂಟಿನ ಹಂಗಿಲ್ಲ. ಅಜ್ಜಿ ಕತ್ತಲಲ್ಲೇ ಬೀಸುತ್ತ ಕೊನೆಯ ನುಡಿಯತನಕ ಹಾಡಿದರು.

"ಪದ ಪೂರಾ ಬಂದೈತ್ರಿ" ಎಂದಳು ಮೊಮ್ಮಗಳು ಮೆಲ್ಲಗೆ. "ನನ್ನ ಫೋನಿನ್ಯಾಗ."

ಬೆಳಕಾಗಲೆಂದು ಮನೆಯವಳು ಬಾಗಿಲು ತೆರೆದಳು. ಸೋತ ಗಂಡನ ಮುಖ ನೋಡಲಿಲ್ಲ, ಹಿಟ್ಟು ಮುಟ್ಟಿ ನೋಡಿದಳು.

"ಎಷ್ಟು ನುಣ್ಣಗ ಬಂದೈತಿ! ಅಜ್ಜಿ, ನಾಳಿಂದ ಇಲ್ಲೇ ರೊಟ್ಟಿ ಕೆಲಸ ಚಾಲೂ ಮಾಡ್ತೀನಿ. ದಿನಾ ಬಂದು ಹಿಂಗ ಹಾಡ್ಕೋಂತ ಬೀಸಿ ಕೊಡ್ತೀರೇನು?"

ಅಜ್ಜಿ ಸೆರಗಿನಿಂದ ಬೆವರು ಒರೆಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಾ ಯಾಕವ್ವ? ಹಾಡಿನ ಹುಚ್ಚಿರೋ ಗಂಡ ಮನ್ಯಾಗ ಖಾಲಿ ಕುಂತಾನಲ್ಲ. ಗೂಟ ಅವನ ಕೈಯಾಗ ಕೊಡು."