ಎತ್ತಿನ ಬಂಡಿಯಲ್ಲಿ ಅಮೆರಿಕ

ಕುಂದಗೋಳ ತಾಲೂಕಿನಿಂದ ಎತ್ತು ಹೂಡಿಕೊಂಡು ಅಮೆರಿಕದ ಪಶ್ಚಿಮಕ್ಕೆ ಹೊರಟ ಮನುಷ್ಯ ಇತಿಹಾಸದಲ್ಲಿ ಒಬ್ಬನೇ. ಅವನು ನಮ್ಮ ಕಾಕಾ! ನಗಬೇಡಿ, ಆ ಬಂಡಿಯಲ್ಲಿ ನಾನೂ ಇದ್ದೆ.

ಕೆಲವು ವಿವರ ತಪ್ಪಿರಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ಎಂಬತ್ತರ ದಶಕದ ಯಾವುದೋ ದೀಪಾವಳಿ ರಜೆ. ಎತ್ತುಗಳಲ್ಲಿ ಒಂದು ಬಿಳಿ, ಇನ್ನೊಂದು ಕಂದೋ ಬೂದೋ. ದಿನಚರಿ ಬರೆಯುವ ಚಟ ಆಗಲೂ ಇತ್ತು. ಆದರೆ ಕುಲುಕುವ ಬಂಡಿಯಲ್ಲಿ ಗೀಚಿದ ಅಕ್ಷರಗಳನ್ನು ಈಗ ನಾನೇ ಓದಲಾರೆ. ಹೀಗಾಗಿ ನೆನಪನ್ನು ನಂಬಬೇಕು. ನನ್ನ ನೆನಪೋ, ನಗು ಎಲ್ಲಿದೆಯೋ ಆ ಕಡೆಗೇ ವಾಲುವ ಜಾತಿಯದು.

ಧಾರವಾಡದಲ್ಲಿ ಇತಿಹಾಸ ಎಂ.ಎ. ಓದುತ್ತಿದ್ದ ನಾನು ಕಾಕಾನ ಮನೆಯ ಪಡಸಾಲೆಯಲ್ಲಿ ಪರೀಕ್ಷೆಗೆಂದು ಅಮೆರಿಕದ ವಲಸೆಗಾರರ ಚರಿತ್ರೆಯನ್ನು ಜೋರಾಗಿ ಉರು ಹೊಡೆಯುತ್ತಿದ್ದೆ. ನೂರಾರು ಬಂಡಿಗಳು, ಮೇಲೆ ಬಿಳಿ ಬಟ್ಟೆಯ ಕಮಾನು, ಒಳಗೆ ಹೆಂಡಿರು ಮಕ್ಕಳು, ತಿಂಗಳುಗಟ್ಟಲೆ ಪಶ್ಚಿಮಕ್ಕೆ ಪಯಣ. ಮಲಗಿದ್ದ ಕಾಕಾ ಒಂದು ಕಣ್ಣು ತೆರೆದ.

"ಬಂಡಿಗೆ ಏನ್ ಹೂಡತಿದ್ರು ತಂಗಿ? ಕುದರಿ?"

"ಭಾಳ ಮಂದಿ ಎತ್ತು ಹೂಡತಿದ್ರು ಕಾಕಾ."

"ಎತ್ತು! ಹಂಗಾದ್ರ ನಮ್ಮ ಮಂದಿನ ಬಿಡು!" ಕಾಕಾ ಎದ್ದು ಕೂತೇಬಿಟ್ಟ.

ಕೆಲವು ಕಡೆ ಗುಂಡಿನ ಸಪ್ಪಳವಾದೊಡನೆ ಓಡಿಹೋಗಿ ಗೂಟ ಬಡಿದವನಿಗೇ ಹೊಲ ಸಿಗುತ್ತಿತ್ತು ಎಂದಾಗ ಅವನ ಕಣ್ಣು ಇಷ್ಟಗಲವಾದವು. "ಗೂಟ ಬಡದ್ರ ಹೊಲಾನ? ಆ ದೇಶದಾಗ ಹೊಲದ ಲೆಕ್ಕಾ ಬರಿಯೂ ತಲಾಠಿ ಇರಲಿಲ್ಲೇನ?"

"ಮೊದಲ ಅಲ್ಲಿ ಬ್ಯಾರೆ ಮಂದಿ ಇದ್ರು ಕಾಕಾ. ಅವರನ್ನ ಹೊಡದು ಓಡಿಸಿದ್ರು."

ಕಾಕಾನ ಬಾಯಿ ತೆರೆದೇ ಉಳಿಯಿತು. "ಅಲ್ಲಾ, ಮಾಲಕರನ್ನ ಒಂದ್ ಮಾತೂ ಕೇಳಲಿಲ್ಲ? ಥೂ ಅವರ! ಗೂಟಾ ಬಡಿಯೂದಾದ್ರ ಮಾಲಕ ಎದ್ದು ಬರೂತನಾ ಬಡೀಬೇಕು!"

ಇದೆಂಥ ತರ್ಕ? ವಿಶ್ವವಿದ್ಯಾಲಯದಲ್ಲಿ ಯಾರೂ ಕಲಿಸಿರಲಿಲ್ಲ.

ಕಾಕಿ ಮಾತ್ರ ಅವತ್ತು ನಗಲಿಲ್ಲ. ಕಲಘಟಗಿ ತಾಲೂಕಿನ ದೇವಿಕೊಪ್ಪ ಅವಳ ತವರು. ತಾಯಿ ಹಾಸಿಗೆ ಹಿಡಿದಿದ್ದಾಳೆಂದು ಬಸ್ಸಿನಲ್ಲಿ ಬಂದ ಯಾರೋ ಹೇಳಿದ್ದರು. ಆದರೆ ತವರಿಗೆ ಹೋಗಬೇಕಾದರೆ ತಮ್ಮ ಕರೆಯಬೇಕು. ತಮ್ಮ ಕರೆಯಲೊಲ್ಲ. ಯಾಕೆಂದರೆ ಇವರ ಮದುವೆಯ ಊಟದಲ್ಲಿ ಕಾಕಾನ ಹೋಳಿಗೆಗೆ ತುಪ್ಪ ಬಂದಿರಲಿಲ್ಲ! ಕಾಕಾ ಎಲೆ ಬಿಟ್ಟು ಎದ್ದು ಕೂಗಾಡಿದ್ದ, ಹೆಣ್ಣಿನವರ ಮಾನ ಹೋಗಿತ್ತು. ಅಂದಿನಿಂದ ವರ್ಷಗಟ್ಟಲೆ ಎರಡೂ ಮನೆಗೆ ಮಾತಿಲ್ಲ. "ಕರೀಲಾರದ ಹೆಂಗ ಹೋಗಲಿ?" ಎಂದು ಕಾಕಿ ರೊಟ್ಟಿ ಬಡಿಯುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು.

ಮರುದಿನ ಬೆಳಿಗ್ಗೆ ಅಂಗಳಕ್ಕೆ ಬಂದು ನೋಡಿದೆ. ಚಕ್ಕಡಿಯ ಮೇಲೆ ಬಿದಿರಿನ ಕಮಾನು, ಅದರ ಮೇಲೆ ಬಿಳಿ ಚಾದರ!

"ಅಯ್ಯ ಶಿವನ, ನನ್ನ ಹೊಸಾ ಚಾದರ! ನಾಟಕದ ಪರದೆ ಕಟ್ಟೀರೇನ್ರಿ?" ಕಾಕಿ ಚೀರಿದಳು.

"ಪಡುವಲಕ್ಕ ಹೊಂಟೀವಿ. ಹತ್ತ್ ಬೇ."

"ನನ್ನ ಒಂದ್ ಮಾತು ಕೇಳಿದ್ರೇನ?"

"ಅಮೇರಿಕಾದಾಗ ಹೆಂಡರನ್ನ ಕೇಳತಿರಲಿಲ್ಲ. ಹೌದಿಲ್ಲೊ ತಂಗಿ?"

ನನ್ನ ಎಂ.ಎ.ಗೆ ಬಂದ ಗತಿ ನೋಡಿ! ಬಂಡಿಗೆ ಹಿಟ್ಟು, ರೊಟ್ಟಿ, ಸುತ್ತಿಗೆ, ಗೂಟ ಎಲ್ಲ ಏರಿದವು. ಕೊನೆಗೆ ಒಂದು ದೊಡ್ಡ ಡಬ್ಬಿ ತುಪ್ಪ.

"ಇಷ್ಟ್ ತುಪ್ಪಾ ಯಾಕ್ರಿ?"

"ಹೊಸಾ ನಾಡು. ಅಲ್ಲಿ ತುಪ್ಪದ ಗತಿ ಹೆಂಗೈತೋ!"

ಬಂದೂಕಿಲ್ಲದ್ದಕ್ಕೆ ಕಾಕಾ ಹಬ್ಬದಲ್ಲಿ ಉಳಿದಿದ್ದ ಪಟಾಕಿ ಹಚ್ಚಿದ. ಢಂ! ಎತ್ತುಗಳು ಕಿತ್ತುಕೊಂಡು ಓಡಿದವು, ನೇರ ಪೂರ್ವಕ್ಕೆ! ಹಿಟ್ಟಿನ ಗಿರಣಿಯ ಮುಂದೆ ನಿಂತಾಗ ಗಿರಣಿಯವನು ಕೇಳಿದ, "ಏನ್ ಬೀಸಬೇಕ್ರಿ?" ಪಶ್ಚಿಮದ ಪಯಣ ಅಲ್ಲಿಂದ ಮತ್ತೆ ಶುರುವಾಯಿತು.

ದಾರಿಯಲ್ಲಿ ಬಸ್ಸೊಂದು ಪಕ್ಕಕ್ಕೆ ಬಂತು. ಕಂಡಕ್ಟರ್ ತಲೆ ಹೊರಹಾಕಿದ. "ಯಜಮಾನ್ರ, ಎಲ್ಲಿಗ್ರಿ?"

"ಅಮೇರಿಕಾಕ್ಕ!"

"ಹಿಂಗ ನೆಟ್ಟಗ ಹೋಗ್ರಿ, ಕಲಘಟಗ್ಯಾಗ ಕೇಳ್ರಿ!"

ಊಟಕ್ಕೆ ನಿಂತಲ್ಲಿ ಅಮೆರಿಕದವರಂತೆ ಬಂಡಿಗಳನ್ನು ವರ್ತುಲವಾಗಿ ನಿಲ್ಲಿಸಬೇಕೆಂದು ನಾನೇ ಹೇಳಿದ್ದೆನಂತೆ. ಒಂದೇ ಬಂಡಿಯಲ್ಲಿ ವರ್ತುಲ ಹೇಗೆ? ಕಾಕಾ ನಮ್ಮನ್ನು ಆಲದ ಮರದ ಸುತ್ತ ತಿರುಗಿಸಿಯೇ ತಿರುಗಿಸಿದ. "ಗಾಣಕ್ಕ ಹೂಡ್ಯಾರ ನೋಡವಾ ನಮ್ಮನ್ನ," ಎಂದಳು ಕಾಕಿ, ತಲೆ ಹಿಡಿದುಕೊಂಡು.

ಎರಡನೆಯ ದಿನ ನಮ್ಮ ಕಡೆಯ ಕರಿ ಎರೆಮಣ್ಣು ಮುಗಿದು ಕೆಂಪು ಮಣ್ಣು ಬಂತು. ದೂರದಲ್ಲಿ ಅಡವಿಯ ಹಸಿರು. "ಗಡಿ ದಾಟಿದ್ವಿ!" ಎಂದು ಕಾಕಾ ಕೂಗಿದ. ಕಲಘಟಗಿ ದಾಟಿದ ಮೇಲೆ ಕಾಕಿಯ ಬೈಗುಳ ನಿಂತವು. ಸೆರಗು ಸರಿಮಾಡಿಕೊಂಡು ರಸ್ತೆಯನ್ನೇ ನೋಡುತ್ತ ಕೂತಳು. ನನಗೆ ಆಗಲೂ ಹೊಳೆಯಲಿಲ್ಲ.

ಒಂದು ಊರಿನ ಅಂಚಿನಲ್ಲಿ, ಖಾಲಿ ಬಿದ್ದ ಹೊಲದಲ್ಲಿ ಕಾಕಾ ಬಂಡಿ ನಿಲ್ಲಿಸಿ ಇಳಿದು ಗೂಟ ಬಡಿಯತೊಡಗಿದ. ಗೂಟ ಗಟ್ಟಿಯಾಗಿ ಕೂತಿತು. ಅವನು ನಿಲ್ಲಿಸಲಿಲ್ಲ. ಊರಿನ ಕಡೆ ನೋಡುತ್ತ ಬಡಿಯುತ್ತಲೇ ಇದ್ದ, ಠಣ್, ಠಣ್.

ಬೇಲಿಯಾಚೆಯಿಂದ ಒಬ್ಬ ಬಡಿಗೆ ಎತ್ತಿಕೊಂಡು ಓಡಿಬಂದ. "ಯಾಂವಲೇ ಅಂವಾ, ನಮ್ಮ ಹೊಲದಾಗ ಗೂಟಾ ಬಡಿಯಾಂವ?"

ಕಾಕಾ ತಿರುಗಲೇ ಇಲ್ಲ. "ಹೊಸಾ ನಾಡು ಹುಡಿಕ್ಕೊಂಡು ಬಂದೀನಿ. ಇಲ್ಲಿ ಮಾಲಕರು ಅದಾರೇನು?"

ಬಂದವನು ಬಂಡಿಯೊಳಗೆ ಇಣುಕಿದ. ಕಾಕಿ ಇಳಿದಿರಲಿಲ್ಲ, ಬಂಡಿಯ ಅಂಚನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದಳು. ಬಡಿಗೆ ಕೆಳಗೆ ಬಿತ್ತು.

"ಅಕ್ಕಾ... ಇಳಿಯಕ್ಕಾ, ಮನೀಗೆ ನಡಿ. ಅವ್ವ ದಿನಾ ನಿನ್ನ ಹೆಸರು ಹಿಡದು ಕರಿಯಾಕತ್ತಾಳ."

ದೇವಿಕೊಪ್ಪ! ನಾವು ಬಂದು ಮುಟ್ಟಿದ ಅಮೆರಿಕ ದೇವಿಕೊಪ್ಪ! ತಮ್ಮ ಕರೆದದ್ದೇ ತಡ, ಕಾಕಿ ಚಪ್ಪಲಿ ಬಿಟ್ಟು ಓಡಿದಳು.

ತಮ್ಮ ನೆಲ ನೋಡುತ್ತ, "ಮಾಮಾರ, ನೀವೂ ಬರ್ರಿ," ಎಂದ.

ಕಾಕಾ ಬಂಡಿಯಿಂದ ಡಬ್ಬಿ ಎಳೆದ. "ಹೋಳಿಗಿ ಮಾಡಸೂದಾದ್ರ ಬರ್ತೀನಿ. ತುಪ್ಪಾ ನಂದ ಐತಿ."

ತಮ್ಮ ನಕ್ಕನೋ ಅತ್ತನೋ, ನೆನಪಿನ ಮೇಲೆ ಆಣೆ ಇಡಲಾರೆ. ಒಳಗೆ ಆ ಮುದುಕಿ ಮಗಳ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದು ಸವರುತ್ತಿದ್ದದ್ದು ಮಾತ್ರ ಖರೆ. ಅದನ್ನು ಹೊಸ್ತಿಲಾಚೆಯಿಂದ ನೋಡಿದ ಕಾಕಾ ತಟ್ಟನೆ ಅಂಗಳಕ್ಕೆ ಇಳಿದು, ಎತ್ತಿನ ಕೊರಳಿಗೆ ಮುಖ ಹಚ್ಚಿ ನಿಂತ. ಬೆನ್ನು ಅಲುಗುತ್ತಿತ್ತು.

ಅಂದು ಹತ್ತಿರ ಹೋಗಿ ಕೇಳಿದ್ದನ್ನೇ ನಾನು ಇಂದಿಗೂ ಅವನಿಗೆ ಕೇಳುತ್ತೇನೆ:

"ಕಾಕಾ, ಖರೇ ಹೇಳು. ಗೂಟಾ ಬಡಿಯೂಕಿಂತ ಮೊದಲ ಆ ಹೊಲಾ ಯಾರದಂತ ನಿನಗ ಗೊತ್ತಿತ್ತಿಲ್ಲೊ?"