ಭಾವನ ಟರ್ಬೊ ಮೊಕದ್ದಮೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರೂ ತಾಲೂಕುಗಳಲ್ಲಿ ನಮ್ಮ ಭಾವನಷ್ಟು ನಿಧಾನವಾಗಿ ಕಾರು ಓಡಿಸುವವರು ಇನ್ನೊಬ್ಬರಿಲ್ಲ. ಇದ್ದರೂ ಇರಬಹುದು, ಅವರಿನ್ನೂ ನಮ್ಮ ಕಡೆಗೆ ಬಂದು ತಲುಪಿಲ್ಲ!

ಭಾವ ಎಂದರೆ ನನ್ನ ಅಕ್ಕನ ಗಂಡ, ಬೆಳ್ತಂಗಡಿಯವರು. ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ನಿವೃತ್ತಿಯಾದದ್ದು ಸರಕಾರದ ಲೆಕ್ಕದಲ್ಲಿ ಮಾತ್ರ. ಮನೆಯಲ್ಲಿ ಈಗಲೂ ಸಾರು ಉಪ್ಪಾದರೆ ಅದು ‘ಆರೋಪ’, ಅಕ್ಕ ಒಪ್ಪದಿದ್ದರೆ ‘ತಕರಾರು’, ಸಂಜೆಯ ಚಹಾ ತಡವಾದರೆ ‘ವಾಯಿದೆ’. ಇಂಥವರು ನಿವೃತ್ತಿಯ ಮರುವರ್ಷ ಕೊಂಡದ್ದು ಎಂಥ ಕಾರು ಅಂತೀರಿ? ಟರ್ಬೊ ಡೀಸೆಲ್! ಹೊರಗೆ ಹೋಗುವ ಹೊಗೆಯ ರಭಸದಿಂದಲೇ ಒಂದು ಪುಟ್ಟ ಚಕ್ರವನ್ನು ಗಿರಗಿರನೆ ತಿರುಗಿಸಿ, ಎಂಜಿನ್ನಿನೊಳಕ್ಕೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ ಅದು. ಹಾರಲು ಹುಟ್ಟಿದ ಆ ಜೀವವನ್ನು ಭಾವ ತೊಟ್ಟಿಲು ತೂಗುವವರಂತೆ ಓಡಿಸುತ್ತಾರೆ. ವೇಗ ಮೂವತ್ತು, ಗೇರು ನಾಲ್ಕು. ಇದಕ್ಕೆ ತಿದ್ದುಪಡಿ ಇಲ್ಲ.

ನಮ್ಮ ಕಡೆಯ ಖಾಸಗಿ ಬಸ್ಸುಗಳ ವೇಗ ಬಲ್ಲವರಿಗೆ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಭಾವ ಹೊರಟರೆಂದರೆ ಹಿಂದೆ ಎರಡು ಬಸ್ಸು, ಒಂದು ಟಿಪ್ಪರ್, ಮೀನಿನ ಟೆಂಪೋ, ಅಸಂಖ್ಯ ರಿಕ್ಷಾಗಳು ಸಾಲುಗಟ್ಟುತ್ತವೆ. ಒಮ್ಮೆ ಮಿಜಾರಿನ ಹತ್ತಿರ ಅಂಗಡಿ ಜಗಲಿಯ ಹಿರಿಯರೊಬ್ಬರು ಎದ್ದು ನಿಂತು, “ಯಾರ ಮನೆಯ ದಿಬ್ಬಣ?” ಎಂದು ಕೇಳಿದ್ದರು. ಭಾವ ಗಂಭೀರವಾಗಿ ಕೈಯೆತ್ತಿ ನಮಸ್ಕರಿಸಿ ಮುಂದುವರಿದರು. ನಾನು ಸೀಟಿನಲ್ಲಿ ಕುಸಿದು ಕುಳಿತೆ.

ಇದು ಸಾಲದೆಂಬಂತೆ ಕಾರಿನ ಒಳಗನ್ನಡಿಯನ್ನು ಅವರು ಕೆಳಕ್ಕೆ ಬಗ್ಗಿಸಿಟ್ಟಿರುತ್ತಾರೆ. ಅದರಲ್ಲಿ ರಸ್ತೆ ಕಾಣುವುದಿಲ್ಲ, ಹಿಂದಿನ ಸೀಟು ಕಾಣುತ್ತದೆ!

“ಭಾವ, ಹಿಂದೆ ಬಸ್ಸು ಉಂಟು.”

“ಇರ್ಲಿ ಮಾರಾಯ. ರಸ್ತೆ ಅದಕ್ಕೂ ಉಂಟಲ್ಲ.”

ನ್ಯಾಯವಾಗಿ ಹೇಳುವುದಾದರೆ ರಸ್ತೆ ಅದಕ್ಕಿರಲಿಲ್ಲ. ಭಾವ ಅದನ್ನು ಅತಿಕ್ರಮಿಸಿಕೊಂಡಿದ್ದರು.

ಹೀಗಿರಲಾಗಿ ಒಂದು ದಿನ ಕಾರಿನಲ್ಲಿ ಹಳದಿ ದೀಪ ಹೊತ್ತಿತು. ಕಾರು ಬಂದ ಹೊಸತರಲ್ಲೇ ಅಕ್ಕ ಬಚ್ಚಲಲ್ಲಿ ಜಾರಿ ಸೊಂಟಕ್ಕೆ ಪೆಟ್ಟು ಮಾಡಿಕೊಂಡ ಮೇಲೆ ವಾರಕ್ಕೊಮ್ಮೆ ಮೂಡುಬಿದಿರೆಗೆ ಫಿಸಿಯೋಥೆರಪಿಗೆ ಹೋಗಬೇಕು. “ಈಗ ನೋವಿಲ್ಲ, ಸುಮ್ಮನೆ ಹೋಗುವುದು” ಎಂದು ಅವಳು ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಅಂಥ ಒಂದು ಪ್ರಯಾಣದಲ್ಲಿ ವೇಣೂರಿನ ಹತ್ತಿರ ದೀಪ ಹೊತ್ತಿ, ಎಂಜಿನ್ನಿನ ಶಕ್ತಿಯೇ ಉಡುಗಿ, ಕಾರು ಕೆಮ್ಮುತ್ತ ತೆವಳಿತು. ಬೈಕಿನಲ್ಲಿ ಬಂದ ಪರಿಚಯದವರೊಬ್ಬರು ಪಕ್ಕಕ್ಕೆ ಬಂದು ಕೇಳಿದರು: “ಎಂತ ಶಿರಸ್ತೇದಾರ್ರೇ, ಕಾರು ಹಾಳಾದದ್ದಾ, ಅಲ್ಲ ಯಾವಾಗಿನ ಹಾಗೆ ಹೋಗುವುದಾ?”

ಅಕ್ಕನಿಗೆ ಸಾಕಾಯಿತು. ಮನೆಗೆ ಬಂದವಳೇ ತೀರ್ಪು ಕೊಟ್ಟಳು. “ಆ ದೀಪ ಹೋಗಬೇಕು. ಹೋಗದಿದ್ದರೆ ನಾನು ಇನ್ನು ಬಸ್ಸಿನಲ್ಲಿ ಹೋಗ್ತೇನೆ. ಒಬ್ಬಳೇ.”

ಭಾವನ ಮುಖ ಬಿಳುಚಿಕೊಂಡಿತು. ಅವರ ಜೀವಮಾನದಲ್ಲಿ ಅಷ್ಟು ಚುಟುಕಾದ ತೀರ್ಪನ್ನು ಅವರು ಕೇಳಿರಲಿಲ್ಲ.

ಮೊದಲು ಶೋರೂಮು. ಅಲ್ಲಿ ಟೈ ಕಟ್ಟಿದ ಯುವಕ ಕಂಪ್ಯೂಟರ್ ಚುಚ್ಚಿ, “ಸರ್, ಪ್ರೆಶರ್ ಸೆನ್ಸರ್ ಫೇಲ್ ಆಗಿದೆ” ಎಂದ. ಟರ್ಬೊ ತುಂಬುವ ಗಾಳಿ ಎಷ್ಟು ಒತ್ತಡದಲ್ಲಿದೆ ಎಂದು ಎಂಜಿನ್ನಿನ ಮಿದುಳಿಗೆ ವರದಿ ಮಾಡುವ ಬೆರಳುದ್ದದ ವಸ್ತು ಅದು. ವರದಿ ತಪ್ಪಾದರೆ ಮಿದುಳು ಹೆದರಿ ಶಕ್ತಿಯನ್ನೇ ಕಡಿತ ಮಾಡುತ್ತದಂತೆ. ಹೊಸದು ಹಾಕಿದರು. ದೀಪ ಆರಿತು. ಕೆಲವೇ ತಿಂಗಳಲ್ಲಿ ಮತ್ತೆ ಹೊತ್ತಿತು.

“ಇನ್ನೊಂದು ಹಾಕುವ ಸರ್” ಎಂದ ಯುವಕ.

ಭಾವ ಎದ್ದು ನಿಂತರು. “ಎಷ್ಟು ಸಾಕ್ಷಿಗಳನ್ನು ಬದಲಾಯಿಸ್ತೀರಿ? ಸಾಕ್ಷಿ ಹೋದಲ್ಲೆಲ್ಲ ಯಾರೋ ಒಬ್ಬ ಅದರ ಬಾಯಿ ಮುಚ್ಚಿಸ್ತಾ ಇದ್ದಾನೆ! ಅವನನ್ನು ಹಿಡಿಯಿರಿ ಮೊದಲು. ಅಲ್ಲಿಯವರೆಗೆ ನಾನು ಇನ್ನೊಂದು ಸೆನ್ಸರ್ ಹಾಕಿಸುವುದಿಲ್ಲ. ಬರೆದುಕೊಳ್ಳಿ!”

ಯುವಕ ನಿಜವಾಗಿಯೂ ಬರೆದುಕೊಂಡ.

ಆಮೇಲೆ ನಾನೇ ಅವರನ್ನು ಬಂಟ್ವಾಳಕ್ಕೆ, ನಮ್ಮ ಮನೆಯ ಹತ್ತಿರದ ಇಸ್ಮಾಯಿಲ್ ಬ್ಯಾರಿಯ ಗ್ಯಾರೇಜಿಗೆ ಕರೆದುಕೊಂಡು ಹೋದೆ. ಇಸ್ಮಾಯಿಲ್ ದುಬೈಯಲ್ಲಿ ಬಹಳ ಕಾಲ ದೊಡ್ಡ ದೊಡ್ಡ ಕಾರುಗಳ ಹೊಟ್ಟೆ ಬಗೆದು ಬಂದವನು. ವಿಚಾರಣೆ ಶುರುವಾಯಿತು. ಗಾಳಿಯ ಪೈಪು ಬಿರಿದಿಲ್ಲ, ಬಿಡುಗಡೆ. ವಯರನ್ನು ಇಲಿ ಕಡಿದಿಲ್ಲ, ಬಿಡುಗಡೆ. ಮಳೆನೀರು ಹೋಗಿ ಪಿನ್ನು ಹಸಿರುಗಟ್ಟಿಲ್ಲ, ಅದಕ್ಕೂ ಬಿಡುಗಡೆ. ಕೊನೆಗೆ ಸೆನ್ಸರನ್ನೇ ಕಿತ್ತು ಹಿಡಿದ. ಅದರ ಮೂಗಿನ ತುಂಬ ಕಪ್ಪು ಅಂಟು!

“ನೋಡಿ ಸಾರ್, ಹಲ್ವ” ಎಂದ ಇಸ್ಮಾಯಿಲ್. “ಎಂಜಿನ್ ತನ್ನ ಹೊಗೆಯನ್ನು ಸ್ವಲ್ಪ ತಾನೇ ತಿರುಗಿ ಎಳೆದುಕೊಳ್ತದೆ. ಆ ಮಸಿ, ಆಯಿಲಿನ ಆವಿ, ಎರಡೂ ಸೇರಿ ಹೀಗೆ ಪಾಕ ಆಗ್ತದೆ. ಸೆನ್ಸರಿಗೆ ಗಾಳಿ ಮುಟ್ಟುವುದಿಲ್ಲ, ಅದು ಬಾಯಿಗೆ ಬಂದದ್ದು ಹೇಳ್ತದೆ. ಎಲ್ಲ ಟರ್ಬೊದಲ್ಲಿಯೂ ಉಂಟಿದು. ಆದ್ರೆ ಇಷ್ಟು ಬೇಗ ಯಾಕೆ? ಎಷ್ಟರಲ್ಲಿ ಓಡಿಸ್ತೀರಿ?”

ಭಾವ ಆಕಾಶ ನೋಡಿದರು. ನಾನೇ ಸಾಕ್ಷಿ ನುಡಿದೆ. “ಮೂವತ್ತು.”

“ಗೇರು?”

“ನಾಲ್ಕು.”

ಇಸ್ಮಾಯಿಲ್ ಪಕ್ಕದ ಟಯರಿನ ಮೇಲೆ ಕುಳಿತುಬಿಟ್ಟ. “ಅಲ್ಲ ಸಾರ್, ಟರ್ಬೊ ಒಮ್ಮೆಯಾದ್ರೂ ಉಸಿರು ಬಿಡ್ಲಿಕ್ಕೆ ಬೇಡವಾ? ಬಿಸಿ ಏರಿದ್ರೆ ಮಸಿ ಉರಿದು ಹೋಗ್ತದೆ. ನಾನು ಇದನ್ನೆಲ್ಲ ತೊಳೆದು ಕೊಡ್ತೇನೆ. ನೀವು ಇನ್ನು ಸ್ವಲ್ಪ ಜೋರು ಓಡಿಸಿ. ಮೂಡುಬಿದಿರೆ ರಸ್ತೆಯಲ್ಲಿ ಅರವತ್ತು ಧಾರಾಳ ಆಗ್ತದೆ.”

“ಆಗುವುದಿಲ್ಲ.”

“ಐವತ್ತು?”

“ಮೂವತ್ತು. ಬೇಕಾದ್ರೆ ಮೇಲ್ಮನವಿ ಹಾಕು.”

ನನಗೂ ತಾಳ್ಮೆ ತಪ್ಪಿತು. “ಹಾಗಾದ್ರೆ ಅಪರಾಧಿ ನೀವೇ ಭಾವ! ಅಕ್ಕ ಬಸ್ಸಿನಲ್ಲಿ ಹೋಗುವುದು ಖಂಡಿತ!”

“ಅಪರಾಧಿ ನಾನೇ. ಒಪ್ಪಿದೆ. ಆದರೆ ಅವಳು ಬಸ್ಸಿನಲ್ಲಿ ಹೋಗುವುದಿಲ್ಲ, ನಾನು ಮೂವತ್ತು ಬಿಡುವುದಿಲ್ಲ.” ಇಂಥ ಮನುಷ್ಯನನ್ನು ಏನು ಮಾಡೋಣ ಹೇಳಿ?

ಇಸ್ಮಾಯಿಲ್ ತಲೆ ಕೆರೆದುಕೊಂಡು, “ಹಾಗಾದ್ರೆ ವಾರಕ್ಕೊಮ್ಮೆ ಘಾಟಿಯಾದ್ರೂ ಹತ್ತಿಸಿ” ಎಂದ. ಭಾವ ಉತ್ತರ ಕೊಡಲಿಲ್ಲ. ಕೋರ್ಟಿನ ಭಾಷೆಯಲ್ಲಿ ಅದನ್ನು ‘ತೀರ್ಪು ಕಾದಿರಿಸಿದೆ’ ಎನ್ನುತ್ತಾರೆ.

ಆ ಭಾನುವಾರ ಬೆಳಿಗ್ಗೆ ಭಾವನ ಫೋನು. “ಚಾರ್ಮಾಡಿಗೆ ಹೋಗುವ. ಬಾ.” ಸಂಜೆಯೊಳಗೆ ತಲುಪಿದರೆ ಪುಣ್ಯ ಎಂದು ನಾನು ಬುತ್ತಿ ಕಟ್ಟಿಕೊಂಡೇ ಹೋದೆ. ಅಕ್ಕ ಬರಲಿಲ್ಲ. ಘಾಟಿಯ ಬುಡದಲ್ಲಿ ಭಾವ ಕಾರು ನಿಲ್ಲಿಸಿ, ಒಳಗನ್ನಡಿಯನ್ನು ಮೇಲಕ್ಕೆತ್ತಿ ರಸ್ತೆ ಕಾಣುವಂತೆ ಸರಿಮಾಡಿಕೊಂಡರು. ಎರಡನೇ ಗೇರು ಹಾಕಿದರು. ಆಮೇಲೆ ನಡೆದದ್ದನ್ನು ಹೇಗೆ ಬಣ್ಣಿಸಲಿ! ಟರ್ಬೊ ಸೀಟಿ ಹೊಡೆಯಿತು. ಕಾರು ಗರ್ಜಿಸಿತು. ಹಿಂದಿನಿಂದ ಕರಿ ಹೊಗೆ ಎದ್ದಿತು. ಒಂದು ತಿರುವಿನಲ್ಲಿ ನನ್ನ ಬುತ್ತಿ, ಇನ್ನೊಂದರಲ್ಲಿ ನನ್ನ ಕನ್ನಡಕ ಹಾರಿತು. ಖಾಸಗಿ ಬಸ್ಸೊಂದನ್ನು, ಹೌದು, ಬಸ್ಸನ್ನು ಭಾವ ಹಿಂದಿಕ್ಕಿದರು! ಅದರ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ ಏನೋ ಬೈದ. ನನಗೆ ಬದುಕುವ ಆಸೆ ಅಷ್ಟು ತೀವ್ರವಾಗಿದೆ ಎಂದು ಗೊತ್ತಾದದ್ದೇ ಆವತ್ತು.

ಮೇಲೆ ತಲುಪಿ ನಿಂತಾಗ ನಾನು ಕಾಲಡಿ ತಡಕಾಡಿ ಕನ್ನಡಕ ಹುಡುಕಿಕೊಂಡೆ. ಹಳದಿ ದೀಪದ ಸುಳಿವಿರಲಿಲ್ಲ.

“ಭಾವ, ಹೀಗೆ ಓಡಿಸ್ಲಿಕ್ಕೆ ಬರ್ತದೆ ಅಂತಾದ್ರೆ ಇಷ್ಟು ವರ್ಷ ನಮ್ಮ ಮರ್ಯಾದೆ ಯಾಕೆ ತೆಗೆದದ್ದು?”

ಭಾವ ಒಳಗನ್ನಡಿಯನ್ನು ಮತ್ತೆ ಕೆಳಕ್ಕೆ ಬಗ್ಗಿಸಿದರು. ಅದರಲ್ಲಿ ಹಿಂದಿನ ಸೀಟು ಕಂಡಿತು. ಅಕ್ಕ ಸೊಂಟಕ್ಕೆ ಕೊಟ್ಟುಕೊಳ್ಳುವ ದಿಂಬು ಮಾತ್ರ ಅಲ್ಲಿತ್ತು.

“ಅವಳು ನೋವಿಲ್ಲ ಅಂತ ಹೇಳ್ತಾಳಲ್ಲ, ಸುಳ್ಳು” ಎಂದರು. “ಡಾಕ್ಟ್ರಿಗೂ ಹೇಳುವುದಿಲ್ಲ. ನಲವತ್ತು ಆದ್ರೆ ಕೆಳತುಟಿ ಕಚ್ಚಿಕೊಳ್ತಾಳೆ. ಗೇರು ಬದಲಾಯಿಸುವಾಗ ಕಾರು ಒಮ್ಮೆ ಎಳೀತದಲ್ಲ, ಆಗ ಕಣ್ಣು ಮುಚ್ಚಿಕೊಳ್ತಾಳೆ. ಮೂವತ್ತರಲ್ಲಿ ಕಿಟಕಿಯಿಂದ ಹೊರಗೆ ನೋಡ್ತಾ ಬರ್ತಾಳೆ. ನಾನು ಎಲ್ಲ ವೇಗದಲ್ಲಿಯೂ ನೋಡಿದ್ದೇನೆ. ಇನ್ನು ಆ ಬಸ್ಸಿನಲ್ಲಿ ಹೋದ್ರೆ...” ಅವರು ಕೈ ಹಿಂದಕ್ಕೆ ಚಾಚಿ ಆ ದಿಂಬನ್ನು ನೆಟ್ಟಗೆ ಮಾಡಿದರು. ಆಮೇಲೆ, “ಅವಳಿಗೆ ಹೇಳಬೇಡ. ಗೊತ್ತಾದ್ರೆ ತುಟಿ ಕಚ್ಚುವುದನ್ನೂ ಬಿಡ್ತಾಳೆ. ಮತ್ತೆ ನನಗೆ ಏನೂ ಗೊತ್ತಾಗುವುದಿಲ್ಲ” ಎಂದರು.

ಈಗ ಪ್ರತಿ ಭಾನುವಾರ ಭಾವ ಒಬ್ಬರೇ ಚಾರ್ಮಾಡಿ ಹತ್ತಿ ಮಸಿ ಸುಟ್ಟು ಬರುತ್ತಾರೆ. ವಾರದ ನಡುವೆ ಅಕ್ಕನನ್ನು ಕೂರಿಸಿಕೊಂಡು ಮೂಡುಬಿದಿರೆಗೆ ಹೊರಡುತ್ತಾರೆ. ಮೊನ್ನೆ ನಾನೂ ಮುಂದಿನ ಸೀಟಿನಲ್ಲಿದ್ದೆ. ವೇಗ ಮೂವತ್ತು, ಗೇರು ನಾಲ್ಕು. ಬೆನ್ನಿಗೇ ಎಕ್ಸ್‌ಪ್ರೆಸ್ ಬಸ್ಸು ಬಂದು ಕಿವಿ ಹರಿಯುವಂತೆ ಹಾರ್ನ್ ಹೊಡೆಯತೊಡಗಿತು. ಹಿಂದಿನಿಂದ ಅಕ್ಕ, “ನಾಚಿಕೆ ಆಗ್ತದೆ, ಸ್ವಲ್ಪ ಜೋರು ಹೋಗಬಾರದಾ?” ಎಂದಳು. ಭಾವ ಕನ್ನಡಿ ನೋಡಿದರು. ನಾನೂ ಕಳ್ಳತನದಿಂದ ನೋಡಿದೆ. ಅಕ್ಕ ಕಿಟಕಿಯ ಹೊರಗಿನ ಗದ್ದೆಗಳನ್ನು ನೋಡುತ್ತಿದ್ದಳು.

ನಾನು ಕಿಟಕಿಯ ಗಾಜು ಇಳಿಸಿ, ಕೈಯನ್ನು ಮೊಣಕೈವರೆಗೆ ಹೊರಗೆ ಚಾಚಿ, ಬಸ್ಸಿನವನಿಗೆ ತೋರಿಸಿದೆ: ನಿಧಾನ ಮಾರಾಯ, ನಿಧಾನ.